ಅಜ್ಜಿಗೂ ಒಮ್ಮೆ ಹದಿನೇಳು ವರ್ಷ

ಕಳೆದ ಜೂನ್‌ನಲ್ಲಿ, ಶಾಲೆಗೆ ರಜೆ ಬಂದ ಎರಡನೇ ದಿನವೇ, ಮಗಳು ಲೈಬ್ರರಿಯಿಂದ ಏಳು ಪುಸ್ತಕ ಹೊತ್ತು ತಂದಳು. ಅವಳಿಗೆ ಹದಿನಾರು. ಏಳರಲ್ಲಿ ಐದರ ಮುಖಪುಟದ ಮೇಲೆ ಸಮುದ್ರ, ಮರಳು, ಒಬ್ಬ ಹುಡುಗ, ಒಬ್ಬ ಹುಡುಗಿ. ಇಲ್ಲಿ ಅಮೆರಿಕದಲ್ಲಿ ಇವನ್ನು ಸಮ್ಮರ್ ರೊಮಾನ್ಸ್ ಅನ್ನುತ್ತಾರೆ. ಹದಿಹರೆಯದವರಿಗೆ ಅಂತಲೇ ಬರೆಯುವ ಕಾದಂಬರಿಗಳು. ಜೂನ್‌ನಲ್ಲಿ ಹುಡುಗಿ ಯಾವುದೋ ಕಡಲ ತೀರದ ಊರಿಗೆ ಹೋಗುತ್ತಾಳೆ, ಜುಲೈನಲ್ಲಿ ಅಲ್ಲಿನ ಹುಡುಗನ ಜೊತೆ ಜಗಳ, ಆಗಸ್ಟ್ ಮುಗಿಯುವ ಹೊತ್ತಿಗೆ ಶಾಲೆ ಮತ್ತೆ ಶುರುವಾಗುವ ಸಂಕಟ. ಬೇಸಿಗೆಯಷ್ಟೇ ಉದ್ದದ ಪ್ರೀತಿ.

ಅದರಲ್ಲೊಂದನ್ನು ತೆಗೆದು ನನ್ನ ಕೈಗೆ ಕೊಟ್ಟಳು. "ಅಮ್ಮ, ಇದನ್ನ ಓದು. ಇದ್ರಲ್ಲಿ ಅಜ್ಜಿ ಇದ್ದಾಳೆ."

ಅಜ್ಜಿ ಇದ್ದಾಳೆ ಅಂದರೆ ನಾನು ಓದುತ್ತೇನೆ ಅಂತ ಅವಳಿಗೆ ಗೊತ್ತು. ಸಾಗರದ ನಮ್ಮ ಮನೆಯಲ್ಲಿ ನಾನು ಬೆಳೆದಿದ್ದೇ ಅಜ್ಜಿಯ ಪಕ್ಕದ ಹಾಸಿಗೆಯಲ್ಲಿ. ಆ ರಾತ್ರಿ ಪಾತ್ರೆ ತೊಳೆದಿಟ್ಟು ಪುಸ್ತಕ ಹಿಡಿದವಳು ಒಂದೂವರೆವರೆಗೆ ಕೆಳಗಿಡಲಿಲ್ಲ.

ಹನ್ನಾ ರೆನಾಲ್ಡ್ಸ್ ಬರೆದ 'ದಿ ಸಮ್ಮರ್ ಆಫ್ ಲಾಸ್ಟ್ ಲೆಟರ್ಸ್' ಅದು. 2021ರಲ್ಲಿ ಬಂದದ್ದು. ಹದಿನೇಳು ವರ್ಷದ ಆ್ಯಬಿ ಎಂಬ ಯಹೂದಿ ಹುಡುಗಿ. ಅವಳ ಅಜ್ಜಿ ತೀರಿಕೊಂಡಿದ್ದಾಳೆ. ಅಜ್ಜಿಯ ಸಾಮಾನುಗಳ ಜೊತೆ ಒಂದಿಷ್ಟು ಪ್ರೇಮಪತ್ರಗಳು ಮನೆಗೆ ಬರುತ್ತವೆ. ಬರೆದವನ ಹೆಸರು ಎಡ್ವರ್ಡ್, ಬರೆದದ್ದು ನ್ಯಾಂಟಕೆಟ್ ದ್ವೀಪದ ಒಂದು ದೊಡ್ಡ ಬಂಗಲೆಯಿಂದ. ಅಜ್ಜಿಯ ಬಗ್ಗೆ ಮನೆಯವರಿಗೆ ಗೊತ್ತಿರುವುದು ಎರಡೇ ಸಂಗತಿ: ಜರ್ಮನಿಯಲ್ಲಿ ಹುಟ್ಟಿದಳು, ಐದನೇ ವಯಸ್ಸಿಗೆ ಅಮೆರಿಕಕ್ಕೆ ಬಂದಳು. ಈ ಎಡ್ವರ್ಡ್ ಯಾರು ಅಂತ ಹುಡುಕಿಕೊಂಡು ಆ್ಯಬಿ ಬೇಸಿಗೆಗೆ ದ್ವೀಪಕ್ಕೆ ಹೋಗುತ್ತಾಳೆ. ಅಲ್ಲಿ ಸಿಗುವ ಹುಡುಗ ನೋವಾ, ಅದೇ ಎಡ್ವರ್ಡ್‌ನ ಮೊಮ್ಮಗ. ಮುಂದಿನದನ್ನು ನಾನು ಹೇಳುವುದಿಲ್ಲ, ಓದುವವರು ಓದಿಕೊಳ್ಳಲಿ.

ನನ್ನನ್ನು ಹಿಡಿದದ್ದು ಕತೆಯ ತಿರುವುಗಳಲ್ಲ. ಅಜ್ಜಿಯ ಬಗ್ಗೆ ಆ ಮೊಮ್ಮಗಳು ಕೇಳುವ ಪ್ರಶ್ನೆ. ಹಿಟ್ಲರನ ನಾಜಿಗಳು ನಡೆಸಿದ ಯಹೂದಿ ಹತ್ಯಾಕಾಂಡದ ಕಾಲದವರ ಬಗ್ಗೆ ನಾವು ಕೇಳುವುದೆಲ್ಲ ಒಂದೇ ಥರ. ಎಲ್ಲಿಂದ ಓಡಿ ಬಂದರು, ಯಾರನ್ನು ಕಳೆದುಕೊಂಡರು, ಹೇಗೆ ಬದುಕಿ ಉಳಿದರು. ಈ ಹುಡುಗಿ ಕೇಳುವುದು ಬೇರೆ. ನಮ್ಮಜ್ಜಿ ಯಾರನ್ನು ಪ್ರೀತಿಸಿದ್ದಳು? ಯಾಕೆ ಬಿಟ್ಟಳು? ನನ್ನ ವಯಸ್ಸಿನಲ್ಲಿ ಅವಳು ಹೇಗಿದ್ದಳು?

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಎಪ್ಪತ್ತು ದಾಟಿದವರು, ಯಹೂದಿ. ನಾವು ಬಾಸ್ಟನ್ ಹತ್ತಿರದ ಈ ಊರಿಗೆ ಬಂದ ಮೊದಲ ಚಳಿಗಾಲದಲ್ಲಿ ಹಿಮ ತೆಗೆಯಲು ಸಲಿಕೆ ಕೊಟ್ಟವರು ಅವರೇ. ಶುಕ್ರವಾರ ಸಂಜೆ, ವಾರದ ವಿಶ್ರಾಂತಿಯ ದಿನವಾದ ಶಬ್ಬಾತ್‌ಗೆ ಮುಂಚೆ, ಹಾಲಾ ಬ್ರೆಡ್ ಮಾಡುತ್ತಾರೆ, ಜಡೆಯ ಹಾಗೆ ಹೆಣೆದ ಬ್ರೆಡ್, ಮೇಲೆ ಮೊಟ್ಟೆ ಸವರಿ ಬೇಯಿಸಿದ್ದು. ಮಗಳು ಚಿಕ್ಕವಳಿದ್ದಾಗ ನನ್ನ ಹತ್ತಿರ ಜಡೆ ಹಾಕಿಸಿಕೊಳ್ಳುತ್ತಾ "ಅಜ್ಜಿ ಬ್ರೆಡ್ ಥರ ಹಾಕು" ಅನ್ನುತ್ತಿದ್ದಳು. ಒಂದು ಹಾಲಾ ನಮಗೂ ಬರುತ್ತದೆ. ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನಾನು ಚಿತ್ರಾನ್ನವೋ ಕೊಬ್ಬರಿ ಮಿಠಾಯಿಯೋ ಹಾಕಿ ಕಳಿಸುತ್ತೇನೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ.

ಅವರ ತಾಯಿ ಜರ್ಮನಿಯಿಂದ ಮಗುವಾಗಿ ಬಂದವರು ಅಂತ ನನಗೆ ಗೊತ್ತಿತ್ತು, ಅಷ್ಟೇ. ಪುಸ್ತಕ ಓದಿದ ಮೇಲೆ ಮಗಳು ಸುಮ್ನೆ ಹೋಗಿ ಕೇಳಿಬಿಟ್ಟಳು. "ನಿಮ್ಮಮ್ಮಂಗೆ ಮದುವೆಗೆ ಮುಂಚೆ ಯಾರಾದ್ರೂ ಬಾಯ್‌ಫ್ರೆಂಡ್ ಇದ್ರಾ?"

ನಾನು ಬೇಲಿಯ ಈಚೆ ಟೊಮೇಟೊ ಗಿಡಕ್ಕೆ ನೀರು ಹಾಕುತ್ತಿದ್ದೆ. ಕೈಯಲ್ಲಿದ್ದ ಪೈಪ್ ಹಾಗೇ ನಿಂತಿತು. ಇಂಥ ಪ್ರಶ್ನೆ ಕೇಳುವುದಾ ಅಂತ ನನಗೆ ಗಾಬರಿ. ಆದರೆ ಅವರು ನಕ್ಕರು. ಆಮೇಲೆ ತುಂಬಾ ಹೊತ್ತು ಸುಮ್ಮನಾದರು. "ಇದನ್ನ ಇಲ್ಲಿವರೆಗೆ ಯಾರೂ ನನ್ನ ಕೇಳಿಲ್ಲ," ಅಂದರು. "ನಾನೂ ಅಮ್ಮನ್ನ ಕೇಳಲಿಲ್ಲ."

ಅವರ ತಾಯಿ ಹುಟ್ಟಿದ್ದು 1929ರಲ್ಲಿ, ಲೈಪ್‌ಜಿಗ್‌ನಲ್ಲಿ. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ತುಂಬ ಯಹೂದಿಗಳ ಅಂಗಡಿ ಒಡೆದು, ಅವರ ಪ್ರಾರ್ಥನಾ ಮಂದಿರಗಳಾದ ಸಿನಗಾಗ್‌ಗಳಿಗೆ ಬೆಂಕಿ ಹಚ್ಚಿದರಲ್ಲ, ಆಗ ಅವರಿಗೆ ಒಂಬತ್ತು ವರ್ಷ. ಅದಾದ ಮೇಲೆ ಬ್ರಿಟನ್ ಮಕ್ಕಳನ್ನು ಮಾತ್ರ ಒಳಗೆ ಬಿಡಲು ಒಪ್ಪಿಕೊಂಡಿತು. ತಂದೆತಾಯಿ ಬರುವ ಹಾಗಿಲ್ಲ. ಮೊದಲ ತಂಡ 1938ರ ಡಿಸೆಂಬರ್ 2ರಂದು ಹಾರ್ವಿಚ್ ಬಂದರಿಗೆ ಹಡಗಿನಲ್ಲಿ ಬಂತು. ಯುದ್ಧ ಶುರುವಾಗಿ ದಾರಿ ಮುಚ್ಚುವ ಹೊತ್ತಿಗೆ ಸುಮಾರು 10,000 ಮಕ್ಕಳು ಹೀಗೆ ದಾಟಿದ್ದರು. ಒಂದು ಸಣ್ಣ ಸೂಟ್‌ಕೇಸ್, ಹತ್ತು ಮಾರ್ಕ್ ದುಡ್ಡು, ಕುತ್ತಿಗೆಗೆ ನಂಬರ್ ಬರೆದ ಚೀಟಿ. ಕಿಂಡರ್‌ಟ್ರಾನ್ಸ್‌ಪೋರ್ಟ್ ಅನ್ನುತ್ತಾರೆ ಇದನ್ನು. ಪಕ್ಕದ ಮನೆಯವರ ತಾಯಿ 1939ರ ಬೇಸಿಗೆಯಲ್ಲಿ ಆ ರೈಲು ಹತ್ತಿದವರು. ಯುದ್ಧ ಮುಗಿದ ಎರಡು ವರ್ಷಕ್ಕೆ, ಹದಿನೆಂಟು ತುಂಬಿದ ಮೇಲೆ, ನ್ಯೂಯಾರ್ಕ್‌ನಲ್ಲಿದ್ದ ದೂರದ ಚಿಕ್ಕಮ್ಮನ ಹತ್ತಿರ ಬಂದರು.

ಅಮೆರಿಕ ಯಾಕೆ ಮೊದಲೇ ಕರೆಸಿಕೊಳ್ಳಲಿಲ್ಲ ಅಂತ ಮಗಳು ಕೇಳಿದಳು. ಅವಳು ಹುಟ್ಟಿದ್ದು ಇದೇ ದೇಶದಲ್ಲಿ, ಅವಳಿಗೆ ಈ ಪ್ರಶ್ನೆ ಕೇಳುವ ಹಕ್ಕು ನನಗಿಂತ ಜಾಸ್ತಿ. 1924ರ ಕಾನೂನಿನ ಪ್ರಕಾರ ಒಂದೊಂದು ದೇಶಕ್ಕೆ ವರ್ಷಕ್ಕೆ ಇಷ್ಟು ಜನ ಅಂತ ಕೋಟಾ ಇತ್ತು. ಜರ್ಮನಿ ಮತ್ತು ಆಸ್ಟ್ರಿಯಾಕ್ಕೆ ಸೇರಿ 1938ರಲ್ಲಿ 27,370. ಅದಕ್ಕೆ ಕಾದು ನಿಂತವರು ಲಕ್ಷಗಟ್ಟಲೆ. 1939ರಲ್ಲಿ ಇಬ್ಬರು ಜನಪ್ರತಿನಿಧಿಗಳು, ವ್ಯಾಗ್ನರ್ ಮತ್ತು ರೋಜರ್ಸ್, ಕೋಟಾದ ಹೊರಗೆ 20,000 ಮಕ್ಕಳನ್ನು ಕರೆಸಿಕೊಳ್ಳೋಣ ಅಂತ ಮಸೂದೆ ತಂದರು. ಹದಿನಾಲ್ಕರ ಒಳಗಿನ ಮಕ್ಕಳು. ಅದು ಮತಕ್ಕೇ ಬರಲಿಲ್ಲ, ಸಮಿತಿಯಲ್ಲೇ ಸತ್ತುಹೋಯಿತು. 1934ರಿಂದ 1945ರವರೆಗೆ ಹೆತ್ತವರಿಲ್ಲದೆ ಅಮೆರಿಕಕ್ಕೆ ಬಂದ ಇಂಥ ಮಕ್ಕಳು ಸಾವಿರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಕಾದಂಬರಿಯ ಅಜ್ಜಿ "ಐದನೇ ವಯಸ್ಸಿಗೆ ಅಮೆರಿಕಕ್ಕೆ ಬಂದಳು" ಎಂಬ ಒಂದು ಸಾಲು ಮೊದಲ ಸಲ ಓದಿದಾಗ ಹಾಗೇ ದಾಟಿಕೊಂಡು ಹೋಗಿದ್ದೆ. ಈ ಲೆಕ್ಕ ತಿಳಿದ ಮೇಲೆ ಆ ಸಾಲಿಗೆ ಮತ್ತೆ ಬಂದು ನಿಂತೆ.

ನಮ್ಮ ಬೆಂಗಳೂರಿಗೂ ಈ ಅಲೆ ಬಂದು ತಾಗಿತ್ತು. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ವಿಜ್ಞಾನ ಸಂಸ್ಥೆಗೆ 1935ರಲ್ಲಿ ಸಿ. ವಿ. ರಾಮನ್ ಅವರು ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿಕೊಂಡಿದ್ದರು. ಯಹೂದಿ ಮೂಲದವರೆಂದು ಜರ್ಮನಿ ಅವರ ಕೆಲಸ ಕಿತ್ತುಕೊಂಡಿತ್ತು. ಅವರ ಬಂಧು ಒಟ್ಟೋ ಕೋನಿಗ್ಸ್‌ಬರ್ಗರ್, ಬರ್ಲಿನ್‌ನ ವಾಸ್ತುಶಿಲ್ಪಿ, 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕಟ್ಟಡ ಕಟ್ಟಿದರು. ನಾನು ಆ ಕ್ಯಾಂಪಸ್ಸಿನ ಮರಗಳ ಕೆಳಗೆ ಎಷ್ಟೋ ಸಲ ಓಡಾಡಿದ್ದೇನೆ. ಅಲ್ಲಿನ ಗೋಡೆಗಳ ಹಿಂದೆ ಯಾರೋ ಬಿಟ್ಟು ಬಂದ ಮನೆ ಇದೆ ಅಂತ ಆಗ ಯಾರೂ ಹೇಳಿರಲಿಲ್ಲ.

ಬೇಸಿಗೆಯ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಅದೇ.

ಇಷ್ಟು ಭಾರದ ಚರಿತ್ರೆಯನ್ನು ಸಮ್ಮರ್ ರೊಮಾನ್ಸ್‌ನಂಥ ಹಗುರ ಕತೆಯೊಳಗೆ ಇಡಬಹುದಾ? ಐಸ್‌ಕ್ರೀಂ ತಿನ್ನುತ್ತಾ, ಸಮುದ್ರಕ್ಕೆ ಹಾರುತ್ತಾ, ಮಧ್ಯದಲ್ಲಿ ಸತ್ತವರ ಪಟ್ಟಿ? ನನಗೂ ಮೊದಲಿಗೆ ಹೀಗೇ ಅನ್ನಿಸಿತ್ತು. ಪಕ್ಕದ ಮನೆಯವರ ಒಂದು ಮಾತು ಅದನ್ನು ತಿರುಗಿಸಿಬಿಟ್ಟಿತು. ಅವರು ಚಿಕ್ಕವರಿದ್ದಾಗ ಮನೆಯವರೆಲ್ಲ ಭಾನುವಾರ ಬೀಚಿಗೆ ಹೋಗುತ್ತಿದ್ದರಂತೆ. ತಾಯಿ ನೀರಿಗೆ ಇಳಿಯುತ್ತಿರಲಿಲ್ಲ. ಅಷ್ಟೇ ಅಲ್ಲ, ಮರಳಿನ ಮೇಲೆ ಶೂ ಕೂಡ ಬಿಚ್ಚುತ್ತಿರಲಿಲ್ಲ. ಲೇಸ್ ಬಿಗಿಯಾಗಿ ಕಟ್ಟಿಕೊಂಡು, ಚೀಲ ತೊಡೆಯ ಮೇಲೆ ಇಟ್ಟುಕೊಂಡು, ಈಗಲೋ ಆಗಲೋ ಎದ್ದು ಹೋಗಬೇಕಾದವರ ಹಾಗೆ ಕೂತಿರುತ್ತಿದ್ದರು. "ಎಲ್ರ ಅಮ್ಮಂದಿರೂ ಹೀಗೇ ಕೂತ್ಕೋತಾರೆ ಅಂದ್ಕೊಂಡಿದ್ದೆ," ಅಂದರು.

ಜರ್ಮನಿಯಲ್ಲಿ ಕಡಲ ತೀರ ಅನ್ನುವುದೇ ಯಹೂದಿಗಳಿಗೆ ಒಂದು ಗೇಟು ಆಗಿತ್ತು. ಹಿಟ್ಲರ್ ಬರುವುದಕ್ಕೆ ಎಷ್ಟೋ ವರ್ಷ ಮುಂಚಿನಿಂದ, ಹತ್ತೊಂಬತ್ತನೇ ಶತಮಾನದ ಕೊನೆಯಿಂದಲೇ. ಉತ್ತರ ಸಮುದ್ರದ ಬೋರ್ಕುಮ್ ದ್ವೀಪಕ್ಕೆ ರಜೆಗೆ ಬಂದವರು, ಬ್ಯಾಂಡಿನವರು ಬಾರಿಸುತ್ತಿದ್ದರೆ, ಯಹೂದಿಗಳು ಇಲ್ಲಿ ಬರಬಾರದು ಅನ್ನುವ ಅರ್ಥದ ಹಾಡನ್ನು ಎಲ್ಲರೂ ಸೇರಿ ಹಾಡುತ್ತಿದ್ದರು. ಮಕ್ಕಳು ಮರಿ ಸಮೇತ, ಸಂಜೆಯ ಗಾಳಿಯಲ್ಲಿ ಕೂತು. ಅದೇ ಕಡಲಲ್ಲಿ ನೋರ್ಡರ್ನೈ ಎಂಬ ಇನ್ನೊಂದು ದ್ವೀಪ. ಅಲ್ಲಿ ಯಹೂದಿಗಳಿಗೆ ಸ್ವಾಗತ ಇತ್ತು, ಒಂದು ಸಿನಗಾಗ್ ಕೂಡ ಇತ್ತು. ಹಾಗಾಗಿ ರಜೆಗೆ ಎಲ್ಲಿಗೆ ಹೋಗುವುದು ಎಂದು ಯೋಚಿಸುವಾಗ ಯಹೂದಿ ಮನೆಗಳಲ್ಲಿ ಎರಡು ಪಟ್ಟಿ. ಯಾವ ಊರು ಬಿಟ್ಟುಕೊಳ್ಳುತ್ತದೆ, ಯಾವ ಊರು ಇಲ್ಲ. ಜರ್ಮನ್ ಯಹೂದಿಗಳ ಸಂಘ ಅಂಥ ಪಟ್ಟಿಯನ್ನು ಅಚ್ಚು ಹಾಕಿ ಹಂಚುತ್ತಿತ್ತು. 1930ರ ದಶಕದಲ್ಲಿ ಊರೂರಿನ ಈಜುಕೊಳದ ಬಾಗಿಲಿಗೆ ಬೋರ್ಡ್ ಬಿತ್ತು. ಒಂಬತ್ತು ವರ್ಷದ ಹುಡುಗಿಗೆ ರಾಜಕೀಯ ಅರ್ಥವಾಗುವುದಿಲ್ಲ. ಕಳೆದ ವರ್ಷ ಈಜಿದ ಕೊಳಕ್ಕೆ ಈ ವರ್ಷ ಹೋಗುವ ಹಾಗಿಲ್ಲ ಅನ್ನುವುದು ಚೆನ್ನಾಗಿ ಅರ್ಥವಾಗುತ್ತದೆ.

ಅಮೆರಿಕ ಬೇರೆಯಾಗಿತ್ತು ಅಂದುಕೊಂಡರೆ, ಅದೂ ಪೂರ್ತಿ ನಿಜ ಅಲ್ಲ. 1877ರ ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸಾರಟೋಗಾ ಸ್ಪ್ರಿಂಗ್ಸ್‌ನಲ್ಲಿ, ಗ್ರ್ಯಾಂಡ್ ಯೂನಿಯನ್ ಹೋಟೆಲ್ ಜೋಸೆಫ್ ಸೆಲಿಗ್ಮನ್ ಎಂಬ ಬ್ಯಾಂಕರ್‌ಗೆ ರೂಮು ಕೊಡಲಿಲ್ಲ. ಯಹೂದಿ ಅಂತ. ಅಂತರ್ಯುದ್ಧದ ಕಾಲದಲ್ಲಿ ಸರ್ಕಾರದ ಬಾಂಡ್ ಮಾರಿ ದುಡ್ಡು ಹೊಂದಿಸಿಕೊಟ್ಟವನು ಆತ. ಆಮೇಲೆ ಎಷ್ಟೋ ದಶಕ ಹೋಟೆಲುಗಳು, ಕ್ಲಬ್ಬುಗಳು "ಆಯ್ದ ಗಿರಾಕಿಗಳಿಗೆ ಮಾತ್ರ" ಅಂತ ಜಾಹೀರಾತು ಕೊಡುತ್ತಿದ್ದವು. ಅದರ ಅರ್ಥ ಎಲ್ಲರಿಗೂ ಗೊತ್ತಿತ್ತು. ಬಿಟ್ಟುಕೊಳ್ಳದಿದ್ದರೆ ನಮ್ಮದೇ ಕಟ್ಟಿಕೊಳ್ಳುತ್ತೇವೆ ಅಂತ ಯಹೂದಿಗಳು ಕ್ಯಾಟ್‌ಸ್ಕಿಲ್ ಬೆಟ್ಟಗಳಲ್ಲಿ ನೂರಾರು ಹೋಟೆಲು ಕಟ್ಟಿದರು. ಬೀಟ್‌ರೂಟ್ ಸಾರಿನ ಹೆಸರಲ್ಲೇ ಆ ಸೀಮೆಗೆ ಬಾರ್ಶ್ಟ್ ಬೆಲ್ಟ್ ಅನ್ನುವ ಹೆಸರು ಬಿತ್ತು. ಅಲ್ಲಿ ಬೇಸಿಗೆಗೆ ಬಂದ ಹುಡುಗ ಹುಡುಗಿಯರು ಕುಣಿದರು, ಊಟ ಬಡಿಸುವ ಕೆಲಸ ಮಾಡಿದರು, ಪ್ರೀತಿ ಮಾಡಿದರು, ಮದುವೆಯಾದರು. ಪಕ್ಕದ ಮನೆಯವರ ತಂದೆತಾಯಿ ಭೇಟಿಯಾದದ್ದು ಅಲ್ಲೇ, 1951ರ ಜುಲೈನಲ್ಲಿ. ತಂದೆ ಅಲ್ಲಿ ತಟ್ಟೆ ಎತ್ತುತ್ತಿದ್ದ ಕಾಲೇಜು ಹುಡುಗ.

ಇಷ್ಟನ್ನು ತಲೆಯಲ್ಲಿಟ್ಟುಕೊಂಡು ಪುಸ್ತಕ ಮತ್ತೆ ತೆರೆದರೆ ಅದರ ಸಮುದ್ರವೇ ಬೇರೆಯಾಗಿ ಕಾಣುತ್ತದೆ. ಇಬ್ಬರು ಯಹೂದಿ ಮಕ್ಕಳು, ಒಂದು ದುಬಾರಿ ದ್ವೀಪದ ಬೀಚಿನಲ್ಲಿ, ಯಾರ ಅನುಮತಿಯೂ ಕೇಳದೆ, ಚಪ್ಪಲಿ ಎಲ್ಲೋ ಬಿಸಾಡಿ ನೀರಿಗೆ ಓಡುತ್ತಾರೆ. ಈ ಕತೆ ಬೇಸಿಗೆಯ ಪ್ರೇಮಕತೆ ಆಗಿರುವುದರಲ್ಲೇ ಅದರ ಚರಿತ್ರೆ ಇದೆ. ಇದನ್ನೇ ಗಂಭೀರ ಕಾದಂಬರಿಯಾಗಿ, ಚಳಿಗಾಲದಲ್ಲಿ, ಬೂದು ಬಣ್ಣದ ಊರಿನಲ್ಲಿ ಬರೆದಿದ್ದರೆ ನನಗೆ ಆ ತಾಯಿಯ ಶೂ ಲೇಸಿನ ಅರ್ಥ ತಿಳಿಯುತ್ತಲೇ ಇರಲಿಲ್ಲ.

ಆಗಸ್ಟ್‌ನಲ್ಲಿ ನಾವು ನ್ಯಾಂಟಕೆಟ್‌ಗೆ ಹೋದೆವು. ಮಗಳ ಹಟ. ಪಕ್ಕದ ಮನೆಯವರನ್ನೂ ಕರೆದೆವು, ಮಂಡಿ ನೋವು ಅಂತ ಬರಲಿಲ್ಲ. ಹಯಾನಿಸ್‌ನಿಂದ ಫೆರಿ, ಬೇಗ ಹೋಗುವುದಾದರೆ ಒಂದು ಗಂಟೆ. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯವರ ಊರು ಅದು. ಮನೆಗಳ ಹೊರಗೋಡೆಗೆಲ್ಲ ದೇವದಾರಿನ ಸಣ್ಣ ಹಲಗೆ ಹೊಡೆದಿರುತ್ತಾರೆ, ಉಪ್ಪು ಗಾಳಿಗೆ ಅವು ಬೂದು ಬಣ್ಣಕ್ಕೆ ತಿರುಗುತ್ತವೆ. ಬೇಲಿಯ ತುಂಬ ನೀಲಿ ಹೈಡ್ರಾಂಜಿಯಾ. ಮುಖ್ಯ ಬೀದಿಗೆ ಗುಂಡುಕಲ್ಲು ಹಾಸಿದೆ, ನಡೆದರೆ ಹಿಮ್ಮಡಿ ನೋಯುತ್ತದೆ. ಮಗಳು ಕಾದಂಬರಿಯ ಬಂಗಲೆ ಯಾವುದಿರಬಹುದು ಅಂತ ಪ್ರತಿ ದೊಡ್ಡ ಮನೆ ಮುಂದೆಯೂ ನಿಂತಳು. ದ್ವೀಪದ ಒಂದು ಯಹೂದಿ ಸಂಘ ಪ್ರಾರ್ಥನೆಗೆ ಸೇರುವುದು ಆರೆಂಜ್ ಬೀದಿಯ ಯೂನಿಟೇರಿಯನ್ ಚರ್ಚಿನಲ್ಲಿ. ಒಂದೇ ಸೂರಿನಡಿ ಎರಡು ಧರ್ಮದ ಹಾಡು. ಆ ಮೆಟ್ಟಿಲ ಮೇಲೆ ಕೂತು ನಾವು ಬುತ್ತಿ ಬಿಚ್ಚಿ ಚಪಾತಿ ಪಲ್ಯ ತಿಂದೆವು. ವಾಪಸ್ ಬರುವಾಗ ಬ್ರ್ಯಾಂಟ್ ಪಾಯಿಂಟ್ ದೀಪಸ್ತಂಭ ದಾಟುತ್ತಿದ್ದ ಹಾಗೆ ಎಲ್ಲರೂ ನೀರಿಗೆ ಒಂದೊಂದು ಪೆನ್ನಿ ಎಸೆದರು. ಹಾಗೆ ಎಸೆದರೆ ಮತ್ತೆ ಈ ದ್ವೀಪಕ್ಕೆ ಬರುತ್ತೇವಂತೆ. ಮಗಳು ಎರಡು ಎಸೆದಳು, ಒಂದು ಪಕ್ಕದ ಮನೆಯವರ ಹೆಸರಲ್ಲಿ.

ಈ ಥರದ ಕಾದಂಬರಿಗಳ ಬಗ್ಗೆ ನನಗೆ ಒಂದು ತಕರಾರೂ ಇದೆ. ಇವುಗಳಲ್ಲಿ ಪೆಟ್ಟಿಗೆ ಯಾವಾಗಲೂ ಸಿಗುತ್ತದೆ. ಪೆಟ್ಟಿಗೆಯಲ್ಲಿ ಪತ್ರಗಳು, ಪತ್ರಗಳಲ್ಲಿ ಮನಸ್ಸು ಬಿಚ್ಚಿ ಬರೆದ ಉದ್ದುದ್ದ ಸಾಲುಗಳು. ನಿಜದ ಬದುಕಿನಲ್ಲಿ ಉಳಿಯುವುದು ಅಷ್ಟು ಇರುವುದಿಲ್ಲ.

ಪಕ್ಕದ ಮನೆಯವರ ಹತ್ತಿರ ಇರುವುದು ಒಂದೇ ಕಾಗದ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಇಟ್ಟಿದ್ದಾರೆ. ನಮಗೆ ತೋರಿಸಿದರು. ಯುದ್ಧದ ಕಾಲದಲ್ಲಿ ಶತ್ರು ದೇಶಗಳ ನಡುವೆ ಅಂಚೆ ಇಲ್ಲ, ರೆಡ್ ಕ್ರಾಸ್ ಮೂಲಕ ಒಂದು ಫಾರ್ಮ್ ಕಳಿಸಬಹುದಿತ್ತು. ಗರಿಷ್ಠ 25 ಪದ. ಮನೆಯ ಸುದ್ದಿ ಮಾತ್ರ ಬರೆಯಬೇಕು. ಉತ್ತರ ಅದರ ಹಿಂದೆಯೇ, ಮತ್ತೆ 25 ಪದ. ತಲುಪುವುದಕ್ಕೆ ತಿಂಗಳುಗಳು. ಕಾಗದ ತೆಳ್ಳಗೆ, ಮಡಿಕೆಯ ಜಾಗದಲ್ಲಿ ಹರಿಯುವ ಹಾಗಿದೆ. ಟೈಪ್ ಮಾಡಿದ ಮೂರು ಸಾಲು ಜರ್ಮನ್, ಅದರ ಮೇಲೆ ಅರ್ಧ ಬಿದ್ದ ಕೆಂಪು ಮುದ್ರೆ. 1942ರದ್ದು. ತಾಯಿಯ ತಾಯಿ ಬರೆಸಿದ್ದು. ಅದರಲ್ಲಿ ಏನಿದೆ ಅಂತ ನಾನು ಇಲ್ಲಿ ಬರೆಯುವುದಿಲ್ಲ, ಅದು ಅವರದು. ಮನೆಯ ಬೆಕ್ಕಿನ ಸುದ್ದಿ ಇದೆ ಅಂತ ಮಾತ್ರ ಹೇಳುತ್ತೇನೆ. ಇಪ್ಪತ್ತೈದರಲ್ಲಿ ನಾಲ್ಕು ಪದ ಬೆಕ್ಕಿಗೆ.

ಆ ರಾತ್ರಿ ಮಗಳಿಗೆ ನಿದ್ದೆ ಬರಲಿಲ್ಲ. ಅಡುಗೆಮನೆ ಟೇಬಲ್ಲಿಗೆ ಬಂದು ಕೂತಳು. ನಾವಿಬ್ಬರೂ ಒಂದು ಕಾಗದ ತೆಗೆದುಕೊಂಡು, ಕನ್ನಡದಲ್ಲಿ ಬರೆದು ನೋಡಿದೆವು. ದೂರದ ದೇಶದಲ್ಲಿರುವ ಮಗಳಿಗೆ ಅಮ್ಮ, 25 ಪದ. ಪೆನ್ನು ನನ್ನ ಕೈಯಲ್ಲಿ, ಎಣಿಸುವುದು ಅವಳು. ಮೊದಲ ಸಲ ಬರೆದಾಗ ಕೊನೆಗೆ "ನಾವು ಬೇಗ ಬರುತ್ತೇವೆ" ಅಂತ ಹಾಕಿದ್ದೆ. ಅವಳು ನೋಡಿ, "ಅಮ್ಮ, ಬರಕ್ಕಾಗಲ್ಲ ಅಂತ ಅವ್ರಿಗೆ ಗೊತ್ತಿತ್ತಲ್ವಾ?" ಅಂದಳು. ಅದನ್ನು ಹೊಡೆದು ಹಾಕಿದೆ. ಕೊನೆಗೆ ಉಳಿದದ್ದು ಇದು:

"ಪುಟ್ಟೀ, ನಾವು ಚೆನ್ನಾಗಿದ್ದೇವೆ. ನಿನ್ನ ಕಾಗದ ಸಿಕ್ಕಿತು. ಹಲ್ಲು ಬಿತ್ತಾ? ಚಳಿಗೆ ಸ್ವೆಟರ್ ಹಾಕಿಕೋ. ಅಪ್ಪನಿಗೆ ಈಗ ಕೆಮ್ಮು ಕಡಿಮೆ. ದೊಡ್ಡವರು ಹೇಳಿದ್ದು ಕೇಳು. ನಿನ್ನ ಫೋಟೋ ಮೇಜಿನ ಮೇಲಿದೆ. ನೂರು ಮುತ್ತು. ಅಮ್ಮ."

ಎಣಿಸಿ ನೋಡಿ, ಸರಿಯಾಗಿ ಇಪ್ಪತ್ತೈದು. "ಅಮ್ಮ" ಅನ್ನುವುದಕ್ಕೂ ಒಂದು ಪದ ಖರ್ಚಾಗುತ್ತದೆ.

ಪಕ್ಕದ ಮನೆಯವರ ತಾಯಿ ಹಿಂದಿನದರ ಬಗ್ಗೆ ಮನೆಯಲ್ಲಿ ಏನೂ ಮಾತಾಡುತ್ತಿರಲಿಲ್ಲವಂತೆ. ಲೈಪ್‌ಜಿಗ್ ಅನ್ನುವ ಹೆಸರು ಬಂದರೆ ಎದ್ದು ಒಲೆ ಒರೆಸುತ್ತಿದ್ದರಂತೆ. ಮಕ್ಕಳೂ ಕೇಳುವುದನ್ನು ಬಿಟ್ಟರು. ಇದು ಅವರೊಬ್ಬರ ಮನೆಯ ಕತೆ ಅಲ್ಲ. ಕಂಡವರು ಬಾಯಿ ಬಿಡಲಿಲ್ಲ, ಅವರ ಮಕ್ಕಳು ಅಮ್ಮನಿಗೆ ನೋವಾಗುತ್ತದೆ ಅಂತ ಕೇಳಲಿಲ್ಲ, ಕೇಳಿದ್ದು ಮೊಮ್ಮಕ್ಕಳು. ಇಂಥ ಕಾದಂಬರಿಗಳಲ್ಲಿ ಯಾವಾಗಲೂ ಮೊಮ್ಮಗಳೇ ಪೆಟ್ಟಿಗೆ ತೆರೆಯುವುದು ಯಾಕೆ ಅಂದರೆ ಇದಕ್ಕೇ. ಅಜ್ಜಿ ಮೊಮ್ಮಕ್ಕಳ ನಡುವೆ ಒಂದು ಸಲಿಗೆ ಇರುತ್ತದಲ್ಲ, ಅಮ್ಮನಿಗೂ ಹೇಳದ್ದನ್ನು ಮೊಮ್ಮಗಳಿಗೆ ಹೇಳುವ ಸಲಿಗೆ, ಅದು ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಹೆಸರಿನಲ್ಲೂ ಈ ದಾರ ಇದೆ. ಪೂರ್ವ ಮತ್ತು ಮಧ್ಯ ಯುರೋಪಿನ ಯಹೂದಿಗಳು, ಅಶ್ಕೆನಾಜಿಗಳು, ತೀರಿಕೊಂಡವರ ಹೆಸರನ್ನು ಮಗುವಿಗೆ ಇಡುತ್ತಾರೆ. ಬದುಕಿರುವವರ ಹೆಸರು ಇಡುವುದಿಲ್ಲ. ಸ್ಪೇನ್ ಕಡೆಯಿಂದ ಚದುರಿದ ಸೆಫಾರ್ದಿಗಳಲ್ಲಿ ಬದುಕಿರುವ ಅಜ್ಜ ಅಜ್ಜಿಯ ಹೆಸರಿಡುವುದು ರೂಢಿ. ಪಕ್ಕದ ಮನೆಯವರ ಹೆಸರು ಅವರ ತಾಯಿಯ ತಾಯಿಯದು. ಅವರನ್ನು ಊಟಕ್ಕೆ ಕರೆಯುವಾಗಲೆಲ್ಲ ತಾಯಿ ತನ್ನ ಅಮ್ಮನ ಹೆಸರನ್ನೇ ಕೂಗುತ್ತಿದ್ದರು. ದಿನಕ್ಕೆ ಎಷ್ಟು ಸಲ ಇರಬಹುದು.

ಸೆಪ್ಟೆಂಬರ್‌ನಲ್ಲಿ ಮಗಳು ಅವರ ಜೊತೆ ಕೂತು ಹುಡುಕಲು ಶುರು ಮಾಡಿದಳು. ಜರ್ಮನಿಯ ಆರೋಲ್ಸನ್ ಆರ್ಕೈವ್ಸ್‌ನಲ್ಲಿ ನಾಜಿಗಳ ಕೈಗೆ ಸಿಕ್ಕ ಸುಮಾರು ಒಂದೂಮುಕ್ಕಾಲು ಕೋಟಿ ಜನರ ದಾಖಲೆ ಇದೆ, ಬಹಳಷ್ಟನ್ನು ಮನೆಯಲ್ಲೇ ಕೂತು ನೋಡಬಹುದು. ಹೆಸರನ್ನು ಎರಡು ಮೂರು ಥರ ಬರೆದು ಹುಡುಕಬೇಕು. ಅಲ್ಲಿ ಸಿಕ್ಕಿದ್ದು ಒಂದು ಪಟ್ಟಿಯ ಒಂದು ಸಾಲು, ಅದು ಅವರಿಗೆ ಮೊದಲೇ ಗೊತ್ತಿತ್ತು. ಆಮೇಲೆ ಜೆರುಸಲೇಮ್‌ನಲ್ಲಿರುವ ಹತ್ಯಾಕಾಂಡದ ಸ್ಮಾರಕ ಸಂಸ್ಥೆ ಯಾದ್ ವಶೇಮ್‌ನ ಹೆಸರುಗಳ ಪಟ್ಟಿಗೆ ಹೋದರು. ಸತ್ತ ಒಬ್ಬೊಬ್ಬರಿಗೂ ಒಂದು ಪುಟ, ಬಂಧುಗಳೋ ಪರಿಚಯದವರೋ ತುಂಬಿ ಕಳಿಸಿದ್ದು. ಪುಟ ತೆರೆಯಿತು. ಹೆಸರು, ಹುಟ್ಟಿದ ದಿನ, ಕಸುಬು, ಇದ್ದ ಊರು, ಸತ್ತ ಊರು. ಎಲ್ಲ ಪೆನ್ನಿನಲ್ಲಿ ಬರೆದದ್ದು.

ಮಗಳು ಕೆಳಗಿನ ಸಹಿ ಓದುತ್ತಿದ್ದಳು. ಅವರು ಮೇಲಿನ ಸಾಲಿನಲ್ಲೇ ನಿಂತಿದ್ದರು. "ಇದು ಅಮ್ಮನ ಅಕ್ಷರ," ಅಂದರು.

1957ರಲ್ಲಿ ತುಂಬಿದ್ದು. ಪಕ್ಕದ ಮನೆಯವರಿಗೆ ಆಗ ಮೂರು ವರ್ಷ. ಮನೆಯಲ್ಲಿ ಒಂದು ಮಾತೂ ಆಡದ ತಾಯಿ, ಮಗು ಮಲಗಿದ ಮೇಲೆ ಯಾವುದೋ ರಾತ್ರಿ ಕೂತು, ಎಡಕ್ಕೆ ವಾಲಿದ ಆ ಜರ್ಮನ್ ಶಾಲೆಯ ಅಕ್ಷರದಲ್ಲಿ, ತನ್ನ ಅಮ್ಮನ ಕಸುಬು ಎಂಬ ಜಾಗದಲ್ಲಿ "ಟೋಪಿ ಹೊಲಿಯುವುದು" ಅಂತ ಬರೆದಿದ್ದರು. ಅಜ್ಜಿ ಟೋಪಿ ಹೊಲಿಯುತ್ತಿದ್ದರು ಅಂತ ಎಪ್ಪತ್ತು ವರ್ಷದಲ್ಲಿ ಮೊಮ್ಮಗಳಿಗೆ ಗೊತ್ತಾದದ್ದು ಅವತ್ತು.

ನಾನು ಲೆಕ್ಕ ಹಾಕಿ ನೋಡಿದೆ. 2021ರಲ್ಲಿ ಹದಿನೇಳು ವರ್ಷದವಳು ಅಂದರೆ 2004ರಲ್ಲಿ ಹುಟ್ಟಿದವಳು. ಅಜ್ಜಿಗೆ 1939ರಲ್ಲಿ ಐದು ವರ್ಷ ಅಂತ ಇಟ್ಟುಕೊಂಡರೆ, ಮೊಮ್ಮಗಳು ಹುಟ್ಟಿದಾಗ ಎಪ್ಪತ್ತು. ಲೆಕ್ಕ ಕೂಡುತ್ತದೆ, ಆದರೆ ಕಷ್ಟಪಟ್ಟು ಕೂಡುತ್ತದೆ. ಇನ್ನು ಹತ್ತು ವರ್ಷ ಕಳೆದು ಇದೇ ಕತೆ ಬರೆದರೆ ಪೆಟ್ಟಿಗೆ ಮುತ್ತಜ್ಜಿಯದಾಗಿರುತ್ತದೆ. ಮುತ್ತಜ್ಜಿಯ ಕೈ ಹಿಡಿದು ನಡೆದವರು ಎಷ್ಟು ಮಂದಿ ಇರುತ್ತಾರೆ? ಆ ಸೆರಗಿನ ವಾಸನೆ, ಆ ಕೆಮ್ಮು ಗೊತ್ತಿರುವವರು? ಅದಕ್ಕೇ ಈ ಕಾದಂಬರಿಗಳು ಈಗ ಬರುತ್ತಿವೆ ಅಂತ ನನಗೆ ಅನ್ನಿಸುತ್ತದೆ. ಬರೆಯುತ್ತಿರುವವರು ಅಜ್ಜಿಯ ಮುಖ ನೋಡಿದ ಕೊನೆಯವರು.

ಎಲ್ಲ ಪುಸ್ತಕವೂ ಒಂದೇ ಥರ ಅಲ್ಲ, ಅದನ್ನೂ ಹೇಳಬೇಕು. ಮಗಳು ತಂದ ಇನ್ನೊಂದರಲ್ಲಿ ಸತ್ತವರ ಪಟ್ಟಿ ಓದಿದ ಮುಂದಿನ ಪುಟದಲ್ಲೇ ಹುಡುಗ ಹುಡುಗಿ ಮುತ್ತು ಕೊಟ್ಟುಕೊಳ್ಳುತ್ತಾರೆ. ನಾನು ಪುಸ್ತಕ ಮುಚ್ಚಿಟ್ಟೆ. ಆ ಹೆಸರುಗಳು ಯಾರದೋ ಪ್ರೀತಿಗೆ ಹಿನ್ನೆಲೆ ಸಂಗೀತ ಆಗಬಾರದು. ಪಟ್ಟಿ ಓದಿದವಳು ಒಂದು ಅಧ್ಯಾಯವಾದರೂ ಸುಮ್ಮನೆ ಒಬ್ಬಳೇ ನಡೆಯಲಿ, ಊಟ ಬೇಡ ಅನ್ನಲಿ. ಹದಿನಾರರ ಓದುಗರಿಗೆ ಅಷ್ಟು ತಾಳ್ಮೆ ಇಲ್ಲ ಅಂತ ಅಂದುಕೊಳ್ಳುವುದು ತಪ್ಪು. ನಮ್ಮ ಮನೆಯ ಓದುಗಾರ್ತಿ ಎರಡು ವಾರ ಯಾದ್ ವಶೇಮ್‌ನ ಆ ಒಂದು ಪುಟವನ್ನೇ ನೋಡುತ್ತಿದ್ದಳು.

ಅಕ್ಟೋಬರ್‌ನಲ್ಲಿ ನಾನು ಸಾಗರಕ್ಕೆ ಫೋನ್ ಮಾಡಿ ನಮ್ಮಮ್ಮನನ್ನು ಕೇಳಿದೆ. ಅಜ್ಜಿಗೆ ಮದುವೆಗೆ ಮುಂಚೆ ಏನು ಇಷ್ಟ ಇತ್ತು, ಗೆಳತಿಯರು ಯಾರಿದ್ದರು? ನಮ್ಮ ಮನೆಗೆ ಅಂಥ ಯಾವ ದುರಂತವೂ ಬಂದಿರಲಿಲ್ಲ, ಮಾತಾಡುವುದಕ್ಕೆ ಯಾರೂ ಹೆದರಿರಲಿಲ್ಲ. ಆದರೂ ಅಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಗೊತ್ತಿಲ್ಲ ಮಾರಾಯ್ತಿ, ಕೇಳೇ ಇಲ್ಲ," ಅಂದಳು. ಆ ದಿನ ಅಮ್ಮನ ಬಗ್ಗೆಯೇ ಒಂದಿಷ್ಟು ಕೇಳಿ ಬರೆದಿಟ್ಟುಕೊಂಡೆ.

ಪುಸ್ತಕವನ್ನು ಪಕ್ಕದ ಮನೆಯವರೂ ಓದಿದರು. ಲೈಬ್ರರಿಗೆ ಕೊಡುವ ದಿನ ದಾಟಿ ಹೋಗಿತ್ತು, ಎರಡು ಸಲ ರಿನ್ಯೂ ಮಾಡಿಸಿದೆವು. ಒಂದು ಶುಕ್ರವಾರ ಹಾಲಾ ಬ್ರೆಡ್ ಜೊತೆ ತಾವೇ ತಂದು ಕೊಟ್ಟರು. ಒಳಗೆ ಬಂದು ಕೂತರು, ಚಹಾ ಕುಡಿದರು. ಮಗಳನ್ನು ನೋಡಿ, "ನೀನು ಕೇಳಿದ್ಯಲ್ಲ, ಅದಕ್ಕೆ ಉತ್ತರ ನನ್ನ ಹತ್ರ ಇಲ್ಲ," ಅಂದರು. "ಆದ್ರೆ ಒಂದು ನೆನಪಾಯ್ತು."

ತಾಯಿ ಪಾತ್ರೆ ತೊಳೆಯುವಾಗ ಸಿಳ್ಳೆ ಹಾಕುತ್ತಿದ್ದರಂತೆ. ಒಂದೇ ಟ್ಯೂನ್. ಇಂಗ್ಲೆಂಡಿನಲ್ಲಿ ಕಲಿತದ್ದಿರಬೇಕು, ಹದಿನಾರೋ ಹದಿನೇಳೋ ವಯಸ್ಸಿನಲ್ಲಿ, ಯಾಕೆಂದರೆ ಮನೆಯಲ್ಲಿ ಬೇರೆ ಯಾರಿಗೂ ಅದು ಗೊತ್ತಿರಲಿಲ್ಲ. ಅಪ್ಪ ಅಡುಗೆಮನೆಗೆ ಬಂದರೆ ನಿಲ್ಲಿಸುತ್ತಿದ್ದರು. ಮಕ್ಕಳು ಬಂದರೆ ನಿಲ್ಲಿಸುತ್ತಿರಲಿಲ್ಲ.

ಅವರು ತುಟಿ ಕೂಡಿಸಿ ಅದನ್ನು ಹಾಕಿ ತೋರಿಸಲು ನೋಡಿದರು. ಗಾಳಿ ಮಾತ್ರ ಬಂತು. ಮತ್ತೆ ಪ್ರಯತ್ನಿಸಿದರು. ಮೂರನೇ ಸಲಕ್ಕೆ ನಾಲ್ಕು ಸ್ವರ ಸರಿಯಾಗಿ ಬಂದವು, ಐದನೆಯದು ಜಾರಿತು. ಮಗಳು ಆಗಲೇ ಫೋನ್ ತೆಗೆದು ರೆಕಾರ್ಡ್ ಒತ್ತಿದ್ದಳು. "ಮೊದಲಿಂದ ಹಾಕಿ ಅಜ್ಜಿ," ಅಂದಳು, "ನಂಗೆ ಟೈಮ್ ಇದೆ."